ಮಗಳು ಜರ್ಮನಿಗೆ ಎಲೆಕ್ಟ್ರಿಕ್ ಕಿಕ್ ಸ್ಕೂಟರ್ ತೆಗೆದುಕೊಂಡು ಹೋಗಬಹುದಾ? ಬೇರೆ ಬೇರೆ ದೇಶಗಳಲ್ಲಿ ಇರುವವರು ದಯವಿಟ್ಟು ಹೇಳಿ

ಮೈಸೂರು ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಡ್ರೆಸ್ಡೆನ್‌ಗೆ ಹೊರಟಿದ್ದಾಳೆ. ಹೋದ ವರ್ಷ ಹುಟ್ಟುಹಬ್ಬಕ್ಕೆ ಅವಳಿಗೆ ಒಂದು ಎಲೆಕ್ಟ್ರಿಕ್ ಕಿಕ್ ಸ್ಕೂಟರ್ ಕೊಡಿಸಿದ್ದೆ. ಕೂತು ಓಡಿಸುವ ಗಾಡಿ ಅಲ್ಲ, ನಿಂತುಕೊಂಡು ಓಡಿಸುವುದು, ಮಡಚಿ ಕೈಯಲ್ಲಿ ಹಿಡಿದುಕೊಳ್ಳಬಹುದು. ನಮ್ಮ ಲೇಔಟ್ ಒಳಗೆ ಹಾಲು ತರಲು, ಲೈಬ್ರರಿಗೆ ಹೋಗಲು ಓಡಿಸುತ್ತಾಳೆ. ಈಗ ಅದನ್ನೂ ಸೂಟ್‌ಕೇಸ್ ಜೊತೆ ಕಟ್ಟಿಕೊಂಡು ಹೋಗುತ್ತೇನೆ ಅನ್ನುತ್ತಿದ್ದಾಳೆ. ಹಾಸ್ಟೆಲ್‌ನಿಂದ ಯೂನಿವರ್ಸಿಟಿಗೆ ಮೂರೂವರೆ ಕಿಲೋಮೀಟರ್ ಅಂತೆ.

ನನಗೆ ಭಯ ಇರುವುದು ಎರಡು ವಿಷಯಕ್ಕೆ. ಗೊತ್ತಿಲ್ಲದೆ ಏನಾದರೂ ಕಾನೂನು ಮುರಿದು ವೀಸಾಗೆ ತೊಂದರೆ ಆದರೆ ಏನು ಗತಿ? ಇನ್ನೊಂದು, ಬಲಗಡೆ ಓಡಿಸುವ ಊರಿನಲ್ಲಿ ಬಿದ್ದುಗಿದ್ದರೆ ನೋಡಿಕೊಳ್ಳುವವರು ಯಾರು? ಲೈಸೆನ್ಸ್ ಬೇಕಾ, ಹೆಲ್ಮೆಟ್ ಬೇಕಾ, ಫುಟ್‌ಪಾತ್ ಮೇಲೆ ಓಡಿಸಬಹುದಾ? ಜರ್ಮನಿ ಮಾತ್ರ ಅಲ್ಲ, ಬೇರೆ ದೇಶದಲ್ಲಿರುವವರೂ ನಿಮ್ಮಲ್ಲಿ ಹೇಗಿದೆ ಅಂತ ಬರೆಯಿರಿ. ರಜೆಯಲ್ಲಿ ಅವಳು ಅಲ್ಲೆಲ್ಲ ಸುತ್ತುವವಳೇ.

ಬರ್ಲಿನ್ ಕನ್ನಡತಿ

ಸರ್, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಸ್ಕೂಟರ್ ಕಳಿಸಬೇಡಿ. ಇಲ್ಲೇ ಹೊಸದು ಕೊಳ್ಳಲಿ.

ಜರ್ಮನಿಯಲ್ಲಿ 2019ರ ಜೂನ್ 15ರಿಂದ ಈ ಗಾಡಿಗಳಿಗೇ ಅಂತ ಪ್ರತ್ಯೇಕ ನಿಯಮ ಇದೆ. ಗಂಟೆಗೆ 20 ಕಿ.ಮೀ. ವೇಗ, 500 ವಾಟ್ ಒಳಗಿನ ಮೋಟರ್, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಬ್ರೇಕ್, ಹಿಂದೆ ಮುಂದೆ ದೀಪ, ಬೆಲ್. ಇದೆಲ್ಲ ನಿಮ್ಮ ಗಾಡಿಯಲ್ಲೂ ಇರಬಹುದು. ಆದರೆ ಆ ಮಾಡೆಲ್‌ಗೆ ಇಲ್ಲಿಯ ಸರ್ಕಾರಿ ಅನುಮೋದನೆ ಇರಬೇಕು, ಅದಕ್ಕೆ ಆ-ಬೇ-ಎ ಅನ್ನುತ್ತಾರೆ. ನಮ್ಮೂರಲ್ಲಿ ಮಾರುವ ಗಾಡಿಗೆ ಅದು ಇರುವುದಿಲ್ಲ. ಅದಿಲ್ಲದೆ ವಿಮೆ ಸಿಗುವುದಿಲ್ಲ. ವಿಮೆ ಇಲ್ಲದೆ ರಸ್ತೆಗೆ ಇಳಿಸಿದರೆ ಅದು ಬರೀ ದಂಡ ಕಟ್ಟಿ ಮುಗಿಯುವ ವಿಷಯ ಅಲ್ಲ, ಇಲ್ಲಿ ಅದು ಕ್ರಿಮಿನಲ್ ಅಪರಾಧ. ಓದಲು ಬಂದ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಊರಿಂದ ತಂದದ್ದು ನನ್ನದೇ ಗಾಡಿ, ನನ್ನದೇ ದುಡ್ಡು, ಯಾರು ಕೇಳುತ್ತಾರೆ ಅಂದುಕೊಂಡಿರುತ್ತಾರೆ.

ವಿಮೆ ಮಾಡಿಸಿದರೆ ಒಂದು ಸಣ್ಣ ಸ್ಟಿಕ್ಕರ್ ಪ್ಲೇಟ್ ಕೊಡುತ್ತಾರೆ, ಹಿಂದಿನ ಚಕ್ರದ ಮೇಲೆ ಅಂಟಿಸಬೇಕು. ಅದರ ಬಣ್ಣ ವರ್ಷ ವರ್ಷ ಬದಲಾಗುತ್ತದೆ. ಕಪ್ಪು, ನೀಲಿ, ಹಸಿರು, ಮತ್ತೆ ಕಪ್ಪು. 2024ರಲ್ಲಿ ನೀಲಿ, 2025ರಲ್ಲಿ ಹಸಿರು. ಪೊಲೀಸರಿಗೆ ಹತ್ತಿರ ಬಂದು ಕಾಗದ ನೋಡುವ ಅಗತ್ಯವೇ ಇಲ್ಲ, ದೂರದಿಂದ ಬಣ್ಣ ನೋಡಿದರೆ ಹಳೆಯದೋ ಹೊಸದೋ ಗೊತ್ತಾಗುತ್ತದೆ.

ಲೈಸೆನ್ಸ್ ಬೇಡ. ವಯಸ್ಸು 14 ಆಗಿದ್ದರೆ ಸಾಕು. ಹೆಲ್ಮೆಟ್ ಕಡ್ಡಾಯ ಇಲ್ಲ, ಆದರೂ ಹಾಕಿಕೊಳ್ಳಲಿ, ದಯವಿಟ್ಟು. ಇಬ್ಬರು ಹತ್ತುವಂತಿಲ್ಲ. ಫುಟ್‌ಪಾತ್ ಮೇಲೆ ಓಡಿಸುವಂತೆಯೇ ಇಲ್ಲ. ಸೈಕಲ್ ದಾರಿ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಕಾರು ಓಡುವ ರಸ್ತೆಯಲ್ಲೇ ಹೋಗಬೇಕು.

ಕಾರ್ಗೋ ಕೆಂಪೇಗೌಡ

ನಾನು ವಿಮಾನ ಸರಕು ವಿಭಾಗದಲ್ಲಿ ಕೆಲಸ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ. ಜರ್ಮನಿಯ ಕಾನೂನಿನ ತನಕ ಹೋಗುವುದೇ ಬೇಡ ಸರ್, ಚೆಕ್-ಇನ್ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ.

ಬ್ಯಾಟರಿ ಮೇಲೆ ಎರಡು ಅಂಕಿ ಇರುತ್ತವೆ, ವೋಲ್ಟ್ ಮತ್ತು ಆಂಪಿಯರ್ ಅವರ್. ಎರಡನ್ನೂ ಗುಣಿಸಿ, ವಾಟ್ ಅವರ್ ಸಿಗುತ್ತದೆ. 36 ವೋಲ್ಟ್, 7.8 ಆಂಪಿಯರ್ ಅವರ್ ಅಂದರೆ ಹತ್ತಿರ ಹತ್ತಿರ 280. ಪ್ರಯಾಣಿಕರ ವಿಮಾನದಲ್ಲಿ 100ರ ಒಳಗಿನದಕ್ಕೆ ತೊಂದರೆ ಇಲ್ಲ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. 160 ದಾಟಿತೋ, ಕೈಚೀಲದಲ್ಲೂ ಇಲ್ಲ, ಲಗೇಜ್‌ನಲ್ಲೂ ಇಲ್ಲ. ಬ್ಯಾಟರಿ ಬಿಚ್ಚಿ ಬೇರೆ ಇಟ್ಟರೆ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಸರಕಾಗಿ ಕಳಿಸಿದರೆ ಅಪಾಯಕಾರಿ ಸರಕುಗಳ ಒಂಬತ್ತನೇ ವರ್ಗದಲ್ಲಿ ಬರುತ್ತದೆ, ಪ್ಯಾಕಿಂಗ್, ಕಾಗದ ಪತ್ರ ಎಲ್ಲ ಸೇರಿ ಗಾಡಿಯ ಬೆಲೆಗಿಂತ ಜಾಸ್ತಿ ಖರ್ಚು ಬಂದರೂ ಆಶ್ಚರ್ಯ ಇಲ್ಲ.

ಲಿಥಿಯಂ ಬ್ಯಾಟರಿ ಒಳಗೆ ಬಿಸಿ ಏರಿ ಒಂದು ಸೆಲ್ ಹತ್ತಿಕೊಂಡರೆ ಪಕ್ಕದ ಸೆಲ್‌ಗೂ ಹಬ್ಬುತ್ತಾ ಹೋಗುತ್ತದೆ. ವಿಮಾನದಲ್ಲಿ ಅದನ್ನು ಆರಿಸುವುದು ಎಷ್ಟು ಕಷ್ಟ ಅಂತ ಯೋಚಿಸಿ. ಈ ನಿಯಮದ ಬಗ್ಗೆ ಕೌಂಟರ್‌ನಲ್ಲಿರುವವರ ಜೊತೆ ಜಗಳ ಆಡಬೇಡಿ.

ಮೈಸೂರು ಅಪ್ಪ

ನೋಡಿದೆ. ನಮ್ಮದರ ಮೇಲೆ 36 ವೋಲ್ಟ್, 10 ಅಂತ ಇದೆ. 360 ಆಯಿತು. ಹಾಗಾದರೆ ಅದು ಇಲ್ಲೇ ಉಳಿಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ತೋರಿಸಿದೆ, ಮುಖ ಸಣ್ಣ ಮಾಡಿಕೊಂಡಳು. ಆದರೂ ಬೇರೆಯವರು ಬರೆಯಿರಿ, ಅಲ್ಲಿ ಹೊಸದು ಕೊಳ್ಳುವುದಂತೂ ಖಚಿತ ಅಂತ ಕಾಣುತ್ತದೆ.

ಲಂಡನ್ ಹಾಸನ

ರಜೆಯಲ್ಲಿ ಇಂಗ್ಲೆಂಡ್ ಕಡೆ ಬಂದರೆ ಇದೊಂದು ನೆನಪಿರಲಿ. ಇಲ್ಲಿ ಸ್ವಂತ ಕಿಕ್ ಸ್ಕೂಟರನ್ನು ರಸ್ತೆಯಲ್ಲೂ ಓಡಿಸುವಂತಿಲ್ಲ, ಫುಟ್‌ಪಾತ್‌ನಲ್ಲೂ ಓಡಿಸುವಂತಿಲ್ಲ. ಅಂಗಡಿಯಲ್ಲಿ ಧಾರಾಳವಾಗಿ ಮಾರುತ್ತಾರೆ, ಕೊಳ್ಳುವುದು ತಪ್ಪಲ್ಲ, ಆದರೆ ಖಾಸಗಿ ಜಾಗದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಓಡಿಸಬೇಕು ಅಷ್ಟೇ. ಕಾನೂನಿನ ಕಣ್ಣಿಗೆ ಇದು ಮೋಟಾರು ವಾಹನ. ಹಾಗಾಗಿ ವಿಮೆ ಬೇಕು, ಆದರೆ ಸ್ವಂತ ಗಾಡಿಗೆ ಆ ವಿಮೆ ಯಾರೂ ಕೊಡುವುದಿಲ್ಲ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕಕ್ಕೆ 6 ಪಾಯಿಂಟ್, ಗಾಡಿಯನ್ನೂ ಎತ್ತಿಕೊಂಡು ಹೋಗಬಹುದು.

ಬಾಡಿಗೆ ಗಾಡಿಗಳದು ಬೇರೆ ಕಥೆ. 2020ರ ಜುಲೈನಿಂದ ಕೆಲವು ಊರುಗಳಲ್ಲಿ ಪ್ರಯೋಗ ಅಂತ ಶುರು ಮಾಡಿದರು, ಲಂಡನ್‌ನಲ್ಲಿ 2021ರ ಜೂನ್‌ನಲ್ಲಿ ಬಂತು. ಆ ಪ್ರಯೋಗವನ್ನು ಮತ್ತೆ ಮತ್ತೆ ಮುಂದುವರಿಸುತ್ತಲೇ ಇದ್ದಾರೆ. ಅದಕ್ಕೆ ಡ್ರೈವಿಂಗ್ ಲೈಸೆನ್ಸ್ ಬೇಕು. ನಮ್ಮ ದೇಶದ ಪೂರ್ತಿ ಲೈಸೆನ್ಸ್ ಇದ್ದರೆ ಬಂದ ಮೊದಲ 12 ತಿಂಗಳು ನಡೆಯುತ್ತದೆ.

ನನ್ನ ರೂಮ್‌ಮೇಟ್ ಒಬ್ಬ ಬಂದ ಎರಡನೇ ವಾರ ಸೆಕೆಂಡ್ ಹ್ಯಾಂಡ್ ಒಂದು ಕೊಂಡ, ನಾಲ್ಕನೇ ದಿನ ಕಳೆದುಕೊಂಡ. ರಸ್ತೆ ತುಂಬಾ ಜನ ಓಡಿಸುವುದನ್ನು ನೋಡಿ ಸರಿ ಅಂದುಕೊಂಡಿದ್ದ. ಇದೇ ನಮ್ಮ ಮಕ್ಕಳು ಮಾಡುವ ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ. ಎಲ್ಲರೂ ಓಡಿಸುತ್ತಿದ್ದಾರೆ ಅಂದ ಮಾತ್ರಕ್ಕೆ ಅದು ಕಾನೂನು ಅಂತ ಅಲ್ಲ.

ಇನ್ನೊಂದು, ಲಂಡನ್‌ನ ಬಸ್ಸು, ಟ್ಯೂಬ್ ಅನ್ನುವ ಮೆಟ್ರೋ ರೈಲಿನ ಒಳಗೆ ಸ್ವಂತ ಇ-ಸ್ಕೂಟರ್ ತರುವಂತಿಲ್ಲ. 2021ರ ನವೆಂಬರ್‌ನಲ್ಲಿ ಪಾರ್ಸನ್ಸ್ ಗ್ರೀನ್ ನಿಲ್ದಾಣದಲ್ಲಿ ರೈಲಿನೊಳಗೇ ಒಂದು ಹೊತ್ತಿಕೊಂಡಿತು. ಡಿಸೆಂಬರ್‌ನಲ್ಲಿ ನಿಷೇಧ ಬಂತು.

ಪ್ಯಾರಿಸ್‌ನಲ್ಲಿ ಐದನೇ ವರ್ಷ

ಪ್ಯಾರಿಸ್ ಕಥೆ ಸ್ವಲ್ಪ ಉದ್ದ, ಓದಿ. ಯಾಕೆಂದರೆ ಇಲ್ಲಿ ಜನ ವೋಟು ಹಾಕಿಯೇ ಬಾಡಿಗೆ ಸ್ಕೂಟರ್‌ಗಳನ್ನು ಊರಿಂದ ಹೊರಗೆ ಹಾಕಿಬಿಟ್ಟರು.

2018ರಲ್ಲಿ ಬಾಡಿಗೆ ಗಾಡಿಗಳು ಬಂದಾಗ ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವಂತೆ, ಫುಟ್‌ಪಾತ್ ಮೇಲೆ, ಮರದ ಬುಡದಲ್ಲಿ, ಸೆನ್ ನದಿಯ ಒಳಗೂ. ಆಮೇಲೆ ಮೂರೇ ಕಂಪನಿಗಳಿಗೆ ಅನುಮತಿ ಕೊಟ್ಟರು, ಒಟ್ಟು 15,000 ಗಾಡಿ. 2021ರ ಜೂನ್‌ನಲ್ಲಿ ನದಿ ದಂಡೆಯಲ್ಲಿ ನಡೆಯುತ್ತಿದ್ದ ಇಟಲಿಯ ಯುವತಿ ಒಬ್ಬಳಿಗೆ ಇಬ್ಬರು ಹತ್ತಿಕೊಂಡು ಬಂದ ಸ್ಕೂಟರ್ ಗುದ್ದಿ ಅವಳು ತೀರಿಕೊಂಡಳು. ಅದು ಊರನ್ನೇ ಅಲುಗಾಡಿಸಿತು. ಜನಸಂದಣಿ ಇರುವ ಜಾಗಗಳಲ್ಲಿ ಬಾಡಿಗೆ ಗಾಡಿ ತಾನಾಗಿಯೇ ಗಂಟೆಗೆ 10 ಕಿ.ಮೀ.ಗೆ ಇಳಿಯುವ ಹಾಗೆ ಮಾಡಿದರು. ಆದರೂ ಸಿಟ್ಟು ಕಡಿಮೆ ಆಗಲಿಲ್ಲ. 2023ರ ಏಪ್ರಿಲ್ 2ರಂದು ಮತದಾನ ಇಟ್ಟರು. ಬೇಡ ಅಂದವರು ನೂರಕ್ಕೆ 89. ಆದರೆ ಬಂದು ವೋಟು ಹಾಕಿದವರು ಸುಮಾರು 1 ಲಕ್ಷದ 3 ಸಾವಿರ ಜನ, ಒಟ್ಟು ಮತದಾರರಲ್ಲಿ ನೂರಕ್ಕೆ ಎಂಟೂ ಇಲ್ಲ. ಸೆಪ್ಟೆಂಬರ್ 1ರಿಂದ ಬಾಡಿಗೆ ಗಾಡಿ ಬಂದ್ ಆಯಿತು.

ನನಗೆ ಆಗ ತುಂಬಾ ಬೇಜಾರಾಗಿತ್ತು. ರಾತ್ರಿ ಪಾಳಿ ಮುಗಿಸಿ ಬರುವಾಗ ಮೆಟ್ರೋ ಇರುತ್ತಿರಲಿಲ್ಲ, ಆ ಗಾಡಿಯೇ ಆಧಾರ. ಓಡಿಸುವ ವಯಸ್ಸಿನವರು ವೋಟು ಹಾಕಲು ಹೋಗಲಿಲ್ಲ, ಮನೆಮುಂದೆ ಎಡವಿದವರು ಹೋದರು. ಹಾಗಂತ ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಎಡವಿದವರಿಗೆ ಮಾತಾಡುವ ಹಕ್ಕು ಇದೆ.

ಸ್ವಂತ ಗಾಡಿ ಈಗಲೂ ಓಡಿಸಬಹುದು. ಫ್ರಾನ್ಸ್‌ನಲ್ಲಿ ವಯಸ್ಸು 14 ಆಗಿರಬೇಕು, 2023ಕ್ಕೆ ಮೊದಲು 12 ಇತ್ತು. ವೇಗ 25. ವಿಮೆ ಕಡ್ಡಾಯ. ಫುಟ್‌ಪಾತ್ ಮೇಲೆ ಓಡಿಸಿದರೂ, ಇಬ್ಬರು ಹತ್ತಿದರೂ 135 ಯೂರೋ. ನಾನು ಒಂದು ಗಾಡಿ ಕೊಂಡೆ, 14 ಕೆ.ಜಿ. ತೂಕ. ಐದನೇ ಮಹಡಿಗೆ ದಿನಾ ಹೊತ್ತು ಹತ್ತಿಸುತ್ತೇನೆ, ಲಿಫ್ಟ್ ಇಲ್ಲ.

ಜಯನಗರ ಅಜ್ಜಿ

ನೀವೆಲ್ಲ ಹೊರದೇಶದ ಮಾತು ಆಡುತ್ತಿದ್ದೀರಿ, ನಾನು ಬೆಂಗಳೂರಿನದು ಹೇಳುತ್ತೇನಪ್ಪಾ.

ನಮ್ಮ ಯಜಮಾನರಿಗೆ 71. ಹೋದ ಕಾರ್ತಿಕದಲ್ಲಿ ಸಂಜೆ ಫುಟ್‌ಪಾತ್ ಮೇಲೆ ನಡೆದುಕೊಂಡು ಬರುತ್ತಿದ್ದರು. ಹಿಂದಿನಿಂದ ಡೆಲಿವರಿ ಹುಡುಗ ಒಬ್ಬ ಸಣ್ಣ ಬ್ಯಾಟರಿ ಗಾಡಿಯಲ್ಲಿ ಫುಟ್‌ಪಾತ್ ಮೇಲೇ ಬಂದ. ಸದ್ದೇ ಇಲ್ಲ. ಪೆಟ್ರೋಲ್ ಗಾಡಿಯಾದರೆ ಗುಡುಗುಡು ಅನ್ನುತ್ತದೆ, ಪಕ್ಕಕ್ಕೆ ಸರಿಯುತ್ತೇವೆ. ಹ್ಯಾಂಡಲ್ ಇವರ ಮೊಣಕೈಗೆ ತಗುಲಿ ಬಿದ್ದರು, ಮುಂಗೈ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಆ ಹುಡುಗ ಓಡಿಹೋಗಲಿಲ್ಲ, ಅದನ್ನು ಹೇಳಲೇಬೇಕು. ಅವನೇ ಆಟೋ ಹಿಡಿದು ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಅಲ್ಲಿ ಕೂತು ಅತ್ತ, ಆರ್ಡರ್ ತಡ ಆಯಿತು, ಇವತ್ತಿನ ದುಡಿಮೆ ಹೋಯಿತು ಅಂತ. ನಾನು ಅವನಿಗೆ ಬೈಯಲಿಲ್ಲ, ಬೈಯಲು ಮನಸ್ಸು ಬರಲಿಲ್ಲ. ಯಾವ ಊರಿನ ತಾಯಿಯ ಮಗನೋ. ಹತ್ತು ನಿಮಿಷದಲ್ಲಿ ಸಾಮಾನು ಬೇಕು ಅಂತ ಒತ್ತುವವರು ಬೇರೆ ಎಲ್ಲೋ ಕೂತಿದ್ದಾರೆ.

ಆಮೇಲೆ ಮೊಮ್ಮಗ ಹುಡುಕಿ ಹೇಳಿದ. ಮೋಟರ್ 250 ವಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಒಳಗೆ ಇದ್ದರೆ ನಮ್ಮ ದೇಶದ ಕಾನೂನಿನಲ್ಲಿ ಅದು ಮೋಟಾರು ವಾಹನವೇ ಅಲ್ಲವಂತೆ. ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ, ವಿಮೆ ಬೇಡ. ದೊಡ್ಡ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಹಸಿರು ಪ್ಲೇಟ್ ಇರುತ್ತದೆ, ನೋಡಿದ್ದೇನೆ. ಇವಕ್ಕೆ ಏನೂ ಇಲ್ಲ. ಗುದ್ದಿ ಹೋದರೆ ಏನು ಅಂತ ಹೇಳಿ ದೂರು ಕೊಡುವುದು? ಜರ್ಮನಿಯಲ್ಲಿ ಬಣ್ಣದ ಸ್ಟಿಕ್ಕರ್ ಅಂಟಿಸುತ್ತಾರೆ ಅಂತ ಓದಿ ನನಗೆ ಹೊಟ್ಟೆ ಉರಿಯಿತು.

ಎಚ್‌ಎಸ್‌ಆರ್ ಹುಡುಗ

ಅಜ್ಜಿ, ನಿಮ್ಮ ಯಜಮಾನರಿಗೆ ಆದದ್ದಕ್ಕೆ ನಿಜವಾಗಲೂ ಬೇಸರ ಆಯಿತು. ಈಗ ಹೇಗಿದ್ದಾರೆ?

ಆದರೆ ಒಂದು ಮಾತು ಹೇಳಲೇಬೇಕು. ನಾನು ಮೆಟ್ರೋದಿಂದ ಆಫೀಸಿಗೆ ಇಂಥದೇ ನಿಧಾನ ಗಾಡಿ ಬಾಡಿಗೆಗೆ ತೆಗೆದುಕೊಂಡು ಹೋಗುತ್ತೇನೆ. 25ರ ಮೇಲೆ ಓಡುವುದಿಲ್ಲ. ರಸ್ತೆಯಲ್ಲಿ ಹಿಂದಿನಿಂದ ಟೆಂಪೋ, ಬಸ್ಸು, ಟ್ಯಾಂಕರ್ ಎಲ್ಲ 50ರಲ್ಲಿ ಹಾರ್ನ್ ಹೊಡೆಯುತ್ತಾ ಬರುತ್ತವೆ. ಎಡಗಡೆ ಗುಂಡಿ, ಅದರಲ್ಲಿ ನೀರು, ಆಳ ಎಷ್ಟು ಅಂತ ಗೊತ್ತಾಗುವುದಿಲ್ಲ. ಎಷ್ಟೋ ಸಲ ಜೀವ ಭಯಕ್ಕೆ ಫುಟ್‌ಪಾತ್ ಹತ್ತಿದ್ದೇನೆ. ಯುರೋಪ್‌ನಲ್ಲಿ ಫುಟ್‌ಪಾತ್ ಬೇಡ, ಸೈಕಲ್ ದಾರಿಯಲ್ಲಿ ಹೋಗು ಅನ್ನುತ್ತಾರೆ. ನಮ್ಮಲ್ಲಿ ಆ ದಾರಿ ಎಲ್ಲಿದೆ? ಅಲ್ಲೊಂದು ಇಲ್ಲೊಂದು ಬಣ್ಣ ಬಳಿದಿದ್ದಾರೆ, ಅದರ ಮೇಲೆ ಕಾರು ನಿಂತಿರುತ್ತದೆ.

ಜಯನಗರ ಅಜ್ಜಿ

ಕೈ ಕೂಡಿದೆ, ಆದರೆ ಮುಷ್ಟಿ ಪೂರ್ತಿ ಬಿಗಿಯಲು ಇನ್ನೂ ಆಗುವುದಿಲ್ಲ. ಹೊರಗೆ ನಡೆಯಲು ಹೋಗುವುದನ್ನು ಬಿಟ್ಟಿದ್ದಾರೆ, ಅದೇ ನನಗೆ ಜಾಸ್ತಿ ಸಂಕಟ. ದಿನಾ ಪಾರ್ಕಿನ ತನಕ ಹೋಗಿ ನಾಲ್ಕು ಜನರ ಜೊತೆ ಮಾತಾಡಿ ಬರುತ್ತಿದ್ದವರು.

ನಿನ್ನ ಭಯ ಅರ್ಥ ಆಗುತ್ತದೆ ಮಗು. ಆದರೆ ಬಸ್ಸಿಗೆ ಹೆದರಿ ನೀನು ಫುಟ್‌ಪಾತ್ ಹತ್ತಿದರೆ ನಾವು ಎಲ್ಲಿಗೆ ಹತ್ತಬೇಕು? ಹತ್ತುವ ಹಾಗಿದ್ದರೆ ಇಳಿದು ತಳ್ಳಿಕೊಂಡು ಬಾ. ಅಷ್ಟು ಮಾಡಬಹುದಲ್ವಾ?

ಎಚ್‌ಎಸ್‌ಆರ್ ಹುಡುಗ

ಮಾಡಬಹುದು ಅಜ್ಜಿ. ಮಾಡುತ್ತೇನೆ.

ಶಿರಸಿ ಸಿಂಗಪುರ

ಈ ಜಾಗದ ಪ್ರಶ್ನೆಯೇ ಸಿಂಗಪುರದಲ್ಲಿ ದೊಡ್ಡ ಗಲಾಟೆ ಆದದ್ದು. ಮೊದಲು ಇಲ್ಲಿ ಫುಟ್‌ಪಾತ್ ಮೇಲೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡಿಸಬಹುದಿತ್ತು. ಅಪಘಾತ ಜಾಸ್ತಿ ಆಗುತ್ತಾ ಹೋಯಿತು. 2019ರ ಸೆಪ್ಟೆಂಬರ್‌ನಲ್ಲಿ ಬೆಡೋಕ್‌ನಲ್ಲಿ ಸೈಕಲ್ ಮೇಲಿದ್ದ 65 ವರ್ಷದ ಹೆಂಗಸೊಬ್ಬರು ಇ-ಸ್ಕೂಟರ್ ಗುದ್ದಿ ತೀರಿಕೊಂಡರು. ಅದೇ ನವೆಂಬರ್ 4ಕ್ಕೆ ಸರ್ಕಾರ ಹೇಳಿತು, 5ರಿಂದ ಫುಟ್‌ಪಾತ್ ಮೇಲೆ ಪೂರ್ತಿ ನಿಷೇಧ. ಒಂದೇ ರಾತ್ರಿ. ಮುರಿದರೆ 2,000 ಡಾಲರ್ ತನಕ ದಂಡ, ಮೂರು ತಿಂಗಳ ತನಕ ಜೈಲು.

ಆಗ ಇಲ್ಲಿ ಫುಟ್‌ಪಾತ್ 5,500 ಕಿ.ಮೀ., ಸೈಕಲ್ ದಾರಿ 440 ಕಿ.ಮೀ. ಮಾತ್ರ. ರಸ್ತೆಗಂತೂ ಮೊದಲೇ ಇಳಿಸುವಂತಿರಲಿಲ್ಲ. ಹಾಗಾದರೆ ಊಟ ಡೆಲಿವರಿ ಮಾಡುವವರು ಎಲ್ಲಿ ಓಡಿಸಬೇಕು? ಸಾವಿರಾರು ಜನರ ಅನ್ನಕ್ಕೆ ಕಲ್ಲು ಬಿತ್ತು. ಅವರು ಗುಂಪಾಗಿ ಸಂಸದರ ಹತ್ತಿರ ಹೋಗಿ ಕೇಳಿದರು. ಬೇರೆ ಗಾಡಿಗೆ ಬದಲಾಯಿಸಿಕೊಳ್ಳಲು 70 ಲಕ್ಷ ಸಿಂಗಪುರ ಡಾಲರ್‌ನ ನೆರವು ಬಂತು. ತುಂಬಾ ಜನ ಎಲೆಕ್ಟ್ರಿಕ್ ಸೈಕಲ್‌ಗೆ ಹೋದರು.

ಅಜ್ಜಿ, ನಿಮ್ಮ ಯಜಮಾನರಂಥವರ ದೃಷ್ಟಿಯಿಂದ ನೋಡಿದರೆ ಈ ನಿಷೇಧ ಸರಿಯೇ. ನನ್ನ ಅಮ್ಮ ಇಲ್ಲಿಗೆ ಬಂದಾಗ ಒಬ್ಬರೇ ಧೈರ್ಯವಾಗಿ ಮಾರ್ಕೆಟ್‌ಗೆ ಹೋಗಿ ಬರುತ್ತಾರೆ. ಆದರೆ ದಾರಿ ಮೊದಲು ಮಾಡಿ, ನಿಷೇಧ ಆಮೇಲೆ ತಂದಿದ್ದರೆ ಆ ಹುಡುಗರಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇಲ್ಲಿಯ ಈಗಿನ ನಿಯಮ ಚಿಕ್ಕದಾಗಿ: ವಯಸ್ಸು 16, ಆನ್‌ಲೈನ್ ಪರೀಕ್ಷೆ ಪಾಸಾಗಿರಬೇಕು, ಗಾಡಿ ನೋಂದಣಿ ಆಗಿರಬೇಕು, ತೂಕ 20 ಕೆ.ಜಿ. ಒಳಗೆ, ಮತ್ತೆ ಯುಎಲ್ 2272 ಅನ್ನುವ ಬೆಂಕಿ ಸುರಕ್ಷತಾ ಮಾನದಂಡ ಇರಲೇಬೇಕು. ಇಲ್ಲಿ ಎಲ್ಲರೂ ಫ್ಲಾಟ್‌ಗಳಲ್ಲಿ ಇರುವುದು. ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದ ಗಾಡಿ ಹೊತ್ತಿಕೊಂಡು ಮನೆಯೇ ಸುಟ್ಟ ಪ್ರಕರಣಗಳು ಆಗಿವೆ.

ಕಾರ್ಗೋ ಕೆಂಪೇಗೌಡ

ಚಾರ್ಜಿಂಗ್ ಮಾತು ಬಂತಲ್ಲ, ನ್ಯೂಯಾರ್ಕ್ ಸೇರಿಸುತ್ತೇನೆ. 2023ರಲ್ಲಿ ಅಲ್ಲಿ ಲಿಥಿಯಂ ಬ್ಯಾಟರಿಯಿಂದ 268 ಬೆಂಕಿ ಅನಾಹುತ, 18 ಸಾವು. ಅದೇ ಸೆಪ್ಟೆಂಬರ್‌ನಿಂದ ಪ್ರಮಾಣಪತ್ರ ಇಲ್ಲದ ಗಾಡಿ, ಬ್ಯಾಟರಿ ಮಾರುವಂತಿಲ್ಲ. ಮೈಸೂರು ಸರ್, ಮಗಳಿಗೆ ಹೇಳಿ, ಗಾಡಿ ಜೊತೆ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಹಾಕಬಾರದು. ಹಾಸ್ಟೆಲ್ ರೂಮಿನ ಬಾಗಿಲ ಹತ್ತಿರ ಇಟ್ಟು ಚಾರ್ಜ್ ಮಾಡಬಾರದು, ಹೊತ್ತಿಕೊಂಡರೆ ಹೊರಗೆ ಬರುವ ದಾರಿಯೇ ಮುಚ್ಚುತ್ತದೆ. ಬಿದ್ದು ಪೆಟ್ಟಾದ ಬ್ಯಾಟರಿ, ಉಬ್ಬಿದ ಬ್ಯಾಟರಿ ಎರಡನ್ನೂ ಮುಟ್ಟಬಾರದು, ಅಂಗಡಿಗೆ ಕೊಡಬೇಕು.

ಉಡುಪಿ ದೇರಾ

ದುಬೈ ಬಗ್ಗೆ ಯಾರೂ ಬರೆದಿಲ್ಲ. ಇಲ್ಲಿ ನಮ್ಮ ಕರಾವಳಿಯ ಹುಡುಗರೇ ಎಷ್ಟು ಜನ ಓಡಿಸುತ್ತಾರೆ. ಹೋಟೆಲು, ಅಂಗಡಿಯಲ್ಲಿ ಕೆಲಸ, ರೂಮಿನಿಂದ ಮೆಟ್ರೋಗೆ ಒಂದೂವರೆ ಕಿಲೋಮೀಟರ್. ಜುಲೈ ಬಿಸಿಲಿನಲ್ಲಿ ಅಷ್ಟು ನಡೆದರೆ ಅಂಗಿ ಹಿಂಡುವ ಹಾಗಾಗುತ್ತದೆ. ಅದಕ್ಕೇ ಎಲ್ಲರೂ ಇದನ್ನು ಹಿಡಿದದ್ದು.

2022ರಲ್ಲಿ ನಿಯಮ ಬಂತು. 16 ವರ್ಷ ಆಗಿರಬೇಕು. ಪರ್ಮಿಟ್ ಬೇಕು, ಸಾರಿಗೆ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಪಾಠ ಓದಿ ಪರೀಕ್ಷೆ ಬರೆದರೆ ಉಚಿತವಾಗಿ ಸಿಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಇದ್ದವರಿಗೆ ಪರ್ಮಿಟ್ ಬೇಡ. ಹೆಲ್ಮೆಟ್ ಮತ್ತೆ ಹೊಳೆಯುವ ಜಾಕೆಟ್ ಹಾಕಲೇಬೇಕು. ಊರು ತುಂಬಾ ಓಡಿಸುವ ಹಾಗಿಲ್ಲ, ಗುರುತು ಮಾಡಿದ ಜಾಗಗಳು ಮಾತ್ರ. ನಮ್ಮ ಹತ್ತಿರದ ಅಲ್ ರಿಗ್ಗಾ ಅದರಲ್ಲಿದೆ. ಪರ್ಮಿಟ್ ಇಲ್ಲದಿದ್ದರೆ 200 ದಿರ್ಹಂ, ಹಿಂದೆ ಒಬ್ಬರನ್ನು ಹತ್ತಿಸಿಕೊಂಡರೆ 300.

300 ದಿರ್ಹಂ ಅಂದರೆ ಊರಿಗೆ ಕಳಿಸುವ ದುಡ್ಡು. ನನ್ನ ರೂಮಿನಲ್ಲಿ ಭಟ್ಕಳದ ಹುಡುಗನೊಬ್ಬನಿಗೆ ಬಿತ್ತು, ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ. ಅದಕ್ಕೆ ಹೊಸದಾಗಿ ಬಂದವರನ್ನು ನಾನೇ ಕೂರಿಸಿ ಪರ್ಮಿಟ್ ಮಾಡಿಸಿಬಿಡುತ್ತೇನೆ. ಈವರೆಗೆ ಹನ್ನೊಂದು ಜನಕ್ಕೆ ಮಾಡಿಸಿದ್ದೇನೆ. ಇಲ್ಲಿ ಯಾರಿಗಾದರೂ ಬೇಕಿದ್ದರೆ ಕೇಳಿ, ಇಂಗ್ಲಿಷ್ ಕಷ್ಟ ಆದವರಿಗೆ ತುಳುವಿನಲ್ಲಿ, ಕನ್ನಡದಲ್ಲಿ ಹೇಳಿಕೊಡುತ್ತೇನೆ.

ಟೋಕಿಯೋ ತುಮಕೂರು

ಜಪಾನಿನದು ಒಂದೇ ವಿಷಯ ಹೇಳಿ ಹೋಗುತ್ತೇನೆ, ಅಜ್ಜಿಗೆ ಇಷ್ಟ ಆಗಬಹುದು. ಇಲ್ಲಿ 2023ರ ಜುಲೈ 1ರಿಂದ 16 ದಾಟಿದವರು ಲೈಸೆನ್ಸ್ ಇಲ್ಲದೆ ಓಡಿಸಬಹುದು, ರಸ್ತೆಯಲ್ಲಿ 20 ಕಿ.ಮೀ. ನಂಬರ್ ಪ್ಲೇಟ್, ವಿಮೆ ಎರಡೂ ಕಡ್ಡಾಯ. ಗಾಡಿಗೆ ಹಸಿರು ದೀಪ ಇರುತ್ತದೆ. ಫಲಕ ಹಾಕಿ ಅನುಮತಿ ಕೊಟ್ಟ ಕೆಲವು ಫುಟ್‌ಪಾತ್‌ಗಳ ಮೇಲೆ ಹೋಗಬೇಕಾದರೆ ಗಾಡಿಯನ್ನು 6 ಕಿ.ಮೀ. ಮೋಡ್‌ಗೆ ಹಾಕಬೇಕು, ಆಗ ಆ ದೀಪ ಮಿಣುಕುತ್ತದೆ. ಅಂದರೆ ನಡೆಯುವವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಈ ಗಾಡಿ ನಿಧಾನಕ್ಕೆ ಕಟ್ಟಿಹಾಕಿದೆ ಅಂತ. ದೀಪ ಮಿಣುಕದೆ ಫುಟ್‌ಪಾತ್ ಮೇಲೆ ಬಂದರೆ ತಪ್ಪು ಮಾಡುತ್ತಿದ್ದಾನೆ ಅಂತ ಅರ್ಥ. 6 ಕಿ.ಮೀ. ಅಂದರೆ ಬೇಗ ಬೇಗ ನಡೆದಷ್ಟೇ.

ಡಬ್ಲಿನ್ ನರ್ಸ್

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಐರ್ಲೆಂಡ್‌ನಲ್ಲಿ 2024ರ ಮೇ 20ರಿಂದ ಇದು ಕಾನೂನುಬದ್ಧ. 16 ವರ್ಷ, ಗಂಟೆಗೆ 20 ಕಿ.ಮೀ., 400 ವಾಟ್, 25 ಕೆ.ಜಿ. ಒಳಗೆ. ಲೈಸೆನ್ಸ್ ಬೇಡ, ಹೆಲ್ಮೆಟ್ ಕಡ್ಡಾಯ ಇಲ್ಲ. ಡೆನ್ಮಾರ್ಕ್‌ನಲ್ಲಿ 2022ರಿಂದ ಕಡ್ಡಾಯ, ಇಟಲಿಯಲ್ಲಿ 2024ರ ಡಿಸೆಂಬರ್‌ನಿಂದ ಕಡ್ಡಾಯ. ದೇಶಕ್ಕೊಂದು ರೀತಿ. ಆದರೆ ಬೀಳುವ ರೀತಿ ಎಲ್ಲ ಕಡೆ ಒಂದೇ.

ಮೈಸೂರು ಅಪ್ಪ ಅವರೇ, ಮಗಳಿಗೆ ಇದನ್ನು ಓದಿಸಿ. ಸೈಕಲ್ ಚಕ್ರ ದೊಡ್ಡದು, ಸಣ್ಣ ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ. ಕಿಕ್ ಸ್ಕೂಟರ್ ಚಕ್ರ ಎಂಟೂವರೆ, ಹತ್ತು ಇಂಚು. ಅದೇ ಗುಂಡಿಯಲ್ಲಿ ಚಕ್ರ ಸಿಕ್ಕಿಕೊಂಡು ನಿಲ್ಲುತ್ತದೆ, ನಿಂತಿರುವ ನಾವು ನಿಲ್ಲುವುದಿಲ್ಲ, ಮುಂದಕ್ಕೆ ಹಾರುತ್ತೇವೆ. ಕೈ ಊರುತ್ತೇವೆ, ಮುಂಗೈ ಮುರಿಯುತ್ತದೆ. ಕೈ ಊರಲು ಸಮಯ ಸಿಗದಿದ್ದರೆ ಮುಖ. ಹಲ್ಲು, ದವಡೆ, ಹಣೆ. ಶನಿವಾರ ರಾತ್ರಿ ಬರುವವರಲ್ಲಿ ಕುಡಿದು ಓಡಿಸಿದವರು ಇರುತ್ತಾರೆ, ಅವರಿಗೆ ಕೈ ಊರುವ ಎಚ್ಚರವೂ ಇರುವುದಿಲ್ಲ.

ಒಂದು ಕೈ ಬಿಟ್ಟು ಸಿಗ್ನಲ್ ತೋರಿಸಲು ಹೋಗಿ ಬಿದ್ದವರನ್ನೂ ನೋಡಿದ್ದೇನೆ. ಇಂಡಿಕೇಟರ್ ಇರುವ ಮಾಡೆಲ್ ಕೊಡಿಸಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ. ಫೋನ್ ಹ್ಯಾಂಡಲ್‌ಗೆ ಸಿಕ್ಕಿಸಿ ಮ್ಯಾಪ್ ನೋಡುತ್ತಾ ಹೋಗುವುದು ಬೇಡ. ದಾರಿ ನೋಡಿಕೊಂಡು ಹೊರಡಲಿ.

ಬರ್ಲಿನ್ ಕನ್ನಡತಿ

ನರ್ಸ್ ಅಕ್ಕ ಕುಡಿತದ ಮಾತು ಎತ್ತಿದ್ದು ಒಳ್ಳೆಯದಾಯಿತು, ನಾನು ಮರೆತಿದ್ದೆ. ಜರ್ಮನಿಯಲ್ಲಿ ಇದಕ್ಕೂ ಕಾರಿಗೂ ಒಂದೇ ಮಿತಿ. ರಕ್ತದಲ್ಲಿ ಸಾವಿರಕ್ಕೆ 0.5 ಆದರೆ 500 ಯೂರೋ ದಂಡ, ಒಂದು ತಿಂಗಳು ಓಡಿಸುವಂತಿಲ್ಲ. 1.1 ದಾಟಿದರೆ ಕೋರ್ಟ್ ಕೇಸ್. 21 ವರ್ಷ ಆಗದವರಿಗೆ ಸೊನ್ನೆ, ಒಂದು ಗುಟುಕೂ ಇಲ್ಲ. ಪಾರ್ಟಿ ಮುಗಿಸಿ, ಕಾರು ಅಲ್ಲವಲ್ಲ ಅಂತ ಬಾಡಿಗೆ ಸ್ಕೂಟರ್ ಹತ್ತಿ ಲೈಸೆನ್ಸ್ ಕಳೆದುಕೊಂಡವರು ಇಲ್ಲಿ ತುಂಬಾ ಇದ್ದಾರೆ.

ಬಾಡಿಗೆ ಗಾಡಿ ತೆಗೆದುಕೊಂಡರೆ ನಿಲ್ಲಿಸಿದ ಮೇಲೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಲಿ. ನಾನು ಸರಿಯಾಗಿಯೇ ನಿಲ್ಲಿಸಿ ಹೋಗಿದ್ದೆ, ಆಮೇಲೆ ಯಾರೋ ಎಳೆದು ದಾರಿಗೆ ಅಡ್ಡ ಹಾಕಿದ್ದಾರೆ, ಬಾಡಿಗೆ ಕಂಪನಿ ನನ್ನ ಕಾರ್ಡಿನಿಂದ ದಂಡ ಹಿಡಿದುಕೊಂಡಿತು. ಫೋಟೋ ಇದ್ದದ್ದರಿಂದ ಮೂರು ವಾರ ಪತ್ರ ಬರೆದು ವಾಪಸ್ ಪಡೆದೆ. ದುಡ್ಡಿಗಿಂತ ನನಗೆ ನೋವಾದದ್ದು ಬೇರೆ. ನಮ್ಮ ಬೀದಿಯಲ್ಲಿ ಕಣ್ಣು ಕಾಣದ ಹಿರಿಯರೊಬ್ಬರು ಕೋಲು ಹಿಡಿದು ನಡೆಯುತ್ತಾರೆ. ಅಡ್ಡ ಬಿದ್ದ ಸ್ಕೂಟರ್ ಅವರ ಕೋಲಿಗೆ ಸಿಗುವುದಕ್ಕೆ ಮೊದಲೇ ಕಾಲಿಗೆ ಸಿಗುತ್ತದೆ. ಈಗ ನಾನು ದಾರಿಯಲ್ಲಿ ಬಿದ್ದದ್ದು ಕಂಡರೆ, ನನ್ನದಲ್ಲದಿದ್ದರೂ ಎತ್ತಿ ಗೋಡೆ ಪಕ್ಕಕ್ಕೆ ಇಡುತ್ತೇನೆ.

ಮೈಸೂರು ಮಗಳು

ನಮಸ್ಕಾರ, ಇವರ ಮಗಳು ನಾನೇ. ಅಪ್ಪ ಪ್ರಿಂಟ್ ತೆಗೆದು ಫ್ರಿಡ್ಜ್ ಮೇಲೆ ಅಂಟಿಸಿದ್ದಾರೆ. ಎಲ್ಲವನ್ನೂ ಎರಡು ಸಲ ಓದಿದೆ.

ನನ್ನ ಪ್ರಶ್ನೆ ಇಷ್ಟೇ. ಹೋದ ಕೂಡಲೇ ಕೊಳ್ಳಲಾ, ಸ್ವಲ್ಪ ದಿನ ಬಿಟ್ಟು ಕೊಳ್ಳಲಾ? ಮತ್ತೆ ಡ್ರೆಸ್ಡೆನ್‌ನಲ್ಲಿ ಇದ್ದವರು ಯಾರಾದರೂ ಇದ್ದರೆ, ಅಲ್ಲಿಯ ರಸ್ತೆ ಹೇಗಿದೆ?

ಎಲ್ಬೆ ದಂಡೆ

ತಂಗಿ, ನಾನು ಡ್ರೆಸ್ಡೆನ್‌ನಲ್ಲಿ ಮೂರು ವರ್ಷ ಓದಿದೆ. ಅಕ್ಟೋಬರ್‌ನಲ್ಲಿ ಕೊಳ್ಳಬೇಡ. ವಿಮೆಯ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ನಡುವೆ ಮಾಡಿಸಬಹುದು, ಆದರೆ ನವೆಂಬರ್ ಬಂದರೆ ಎಲೆ ಉದುರಿ ಒದ್ದೆ ಆಗಿರುತ್ತದೆ, ಡಿಸೆಂಬರ್‌ನಿಂದ ಹಿಮ. ಆ ಸಣ್ಣ ಚಕ್ರ ಹಿಮದಲ್ಲಿ ಹಿಡಿಯುವುದೇ ಇಲ್ಲ. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಊರು ತುಂಬಾ ಟ್ರಾಮ್ ಹಳಿ. ಹಳಿಯನ್ನು ಯಾವತ್ತೂ ಅಡ್ಡಡ್ಡ ದಾಟು, ಓರೆಯಾಗಿ ದಾಟಿದರೆ ಚಕ್ರ ಸಂದಿಯಲ್ಲಿ ಕೂರುತ್ತದೆ. ಮಳೆಯಲ್ಲಿ ಹಳಿ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ, ಇಳಿದು ತಳ್ಳಿಕೊಂಡು ಹೋಗುವುದೇ ಒಳ್ಳೆಯದು. ನೊಯ್‌ಷ್ಟಾಟ್ ಕಡೆ ಹಳೇ ಕಲ್ಲು ಹಾಸಿನ ಬೀದಿಗಳಿವೆ, ಅಲ್ಲಿ ಓಡಿಸಿದರೆ ಹಲ್ಲೆಲ್ಲ ಕಟಕಟ ಅನ್ನುತ್ತದೆ. ನದಿ ಪಕ್ಕದ ಸೈಕಲ್ ದಾರಿ ಮಾತ್ರ ಬಹಳ ಚೆನ್ನಾಗಿದೆ, ಬೇಸಿಗೆಯ ಸಂಜೆ ಅಲ್ಲಿ ಹೋದರೆ ಮನೆಗೆ ಬರಲು ಮನಸ್ಸೇ ಬರುವುದಿಲ್ಲ.

ಬಂದ ಮೊದಲ ತಿಂಗಳುಗಳು ಟ್ರಾಮ್‌ನಲ್ಲಿ, ಕಾಲ್ನಡಿಗೆಯಲ್ಲಿ ಓಡಾಡು. ವಾಹನ ಎಡದಿಂದ ಮೊದಲು ಬರುತ್ತದೆ ಅನ್ನುವುದು ಮೈಗೆ ಒಗ್ಗಲಿ. ರಸ್ತೆ ದಾಟುವಾಗ ನನ್ನ ತಲೆ ಆರು ವಾರ ಬಲಗಡೆಗೇ ಮೊದಲು ತಿರುಗುತ್ತಿತ್ತು.

ಮೈಸೂರು ಮಗಳು

ಥ್ಯಾಂಕ್ಸ್ ಅಣ್ಣ. ಹಾಗಾದರೆ ಮಾರ್ಚ್‌ನಲ್ಲಿ ಕೊಳ್ಳುತ್ತೇನೆ. ಹೆಲ್ಮೆಟ್ ಮಾತ್ರ ಈಗಲೇ ಕೊಂಡಾಯಿತು, ಅಪ್ಪ ನಿನ್ನೆ ದೇವರಾಜ ಅರಸ್ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿಸಿದರು.

ಮೈಸೂರು ಅಪ್ಪ

ಸೂಟ್‌ಕೇಸ್‌ನಲ್ಲಿ ಅದಕ್ಕೆ ಜಾಗ ಮಾಡಿದ್ದೇವೆ, ಒಳಗೆ ಚಟ್ನಿಪುಡಿ ಡಬ್ಬ ಕೂತಿದೆ. ಹಳೇ ಸ್ಕೂಟರ್ ಇಲ್ಲೇ ಲೇಔಟ್ ಒಳಗೆ ನಾನೇ ಓಡಿಸುವುದು ಅಂತ ಇದ್ದೆ. ನರ್ಸ್ ಮೇಡಂ ಬರೆದದ್ದು ಓದಿ ಹೆಂಡತಿ ಬೇಡ ಅಂದಿದ್ದಾಳೆ. ಜಯನಗರ ಅಮ್ಮ, ಯಜಮಾನರು ಮತ್ತೆ ಪಾರ್ಕಿಗೆ ಹೋಗಲು ಶುರು ಮಾಡಿದರೆ ಇಲ್ಲೇ ಒಂದು ಸಾಲು ಬರೆಯಿರಿ.

ಜಯನಗರ ಅಜ್ಜಿ

ಈ ಭಾನುವಾರ ನಾನೇ ಜೊತೆಗೆ ಹೋಗುತ್ತೇನೆ. ಬಂದು ಬರೆಯುತ್ತೇನೆ.